ಹೊಟ್ಟೆ ಬರೋದು ಉಂಡವರಿಗಷ್ಟೇ ಅಲ್ಲ

ಮಧುಗಿರಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ನಾನು ಆರೋಗ್ಯ ಸಹಾಯಕಿ, ಊರವರಿಗೆ ನರ್ಸಮ್ಮ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವ ಮುನ್ನ ಆಶಾ ಕಾರ್ಯಕರ್ತೆ ಒಂದು ನಮೂನೆ ತುಂಬುತ್ತಾರೆ. ವಯಸ್ಸು, ಬೀಡಿ, ಕುಡಿತದ ಜೊತೆ ಸೊಂಟದ ಸುತ್ತಳತೆಗೂ ಅದರಲ್ಲಿ ಅಂಕವಿದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಅಂಕ ಶುರು.

ಟೇಪು ತೆಗೆದರೆ ಸಾಕು, "ನಂದು ಮೂವತ್ನಾಲ್ಕು ಸೈಜು, ಬರ್ಕೊಳ್ಳಿ ಸಿಸ್ಟರ್" ಅನ್ನುತ್ತಾರೆ ಗಂಡಸರು. ಅದು ಹೊಟ್ಟೆಯ ಕೆಳಗೆ ಬೆಲ್ಟು ಕೂರುವ ಜಾಗದ ಅಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಸುತ್ತಬೇಕು. ಮೂವತ್ನಾಲ್ಕು ಇಂಚು ಅಂದರೆ 86 ಸೆಂ.ಮೀ.; ಸರಿಯಾಗಿ ಸುತ್ತಿದರೆ 98 ಬಂದದ್ದುಂಟು. ಹೆಂಗಸರ ಮಾತೇ ಬೇರೆ: "ಮೂರು ಹೆತ್ತ ಹೊಟ್ಟೆ ಕಣವ್ವ, ಇನ್ನೆಲ್ಲಿಗೋಗುತ್ತೆ?" ಹೀಗೆ ಅಂದುಕೊಂಡೇ ವರ್ಷಗಟ್ಟಲೆ ಶುಗರ್ ಪರೀಕ್ಷೆ ಮಾಡಿಸದೆ ಉಳಿಯುತ್ತಾರಲ್ಲ, ಅದೇ ನನ್ನ ಸಂಕಟ.

ಚರ್ಮದಡಿಯ ಕೊಬ್ಬಿಗಿಂತ ಕರುಳು, ಲಿವರ್ ಸುತ್ತ ಕೂರುವ ಕೊಬ್ಬು ಅಪಾಯಕಾರಿ. ಅದು ಇನ್ಸುಲಿನ್ ಕೆಲಸ ಕೆಡಿಸಿ ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡುತ್ತದೆ. ತೂಕದ ಯಂತ್ರಕ್ಕೆ ಇದು ತಿಳಿಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎತ್ತರಕ್ಕೆ ಮೀರಿದ ತೂಕದ ಹೆಂಗಸರು ಶೇ. 24, ಆದರೆ ಸೊಂಟ–ನಿತಂಬದ ಅನುಪಾತ ಅಪಾಯದ ಗೆರೆ ದಾಟಿದವರು ಶೇ. 57. ಅಂದರೆ ಕೈಕಾಲು ಸಣ್ಣಗಿದ್ದೂ ಹೊಟ್ಟೆ ಬಂದವರು ಬಹಳ.

ಈ ಅಪಾಯದ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಜತನವಾಗಿದ್ದ ಜನನ ದಾಖಲೆ ಹಿಡಿದು ಸಂಶೋಧಕರು ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ನಮ್ಮದು ಬರದ ಸೀಮೆ. ಅರೆಹೊಟ್ಟೆಯಲ್ಲಿ ಬಸುರಿಯಾದ ತಾಯಂದಿರ ಮಕ್ಕಳು ಇಲ್ಲಿ ಕಡಿಮೆಯಿಲ್ಲ.

ಆಮೇಲೆ ದುಡಿಮೆ ಬದಲಾಯಿತು. ಪಾವಗಡದ ತಿರುಮಣಿ, ವಳ್ಳೂರು ಕಡೆ ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳು ಗುತ್ತಿಗೆಗೆ ಹೋಗಿ, ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ಜಮೀನಿದ್ದವರಿಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ. ಬಿತ್ತುವುದು, ಕಳೆ ಕೀಳುವುದು, ಕಾಯಿ ಬಿಡಿಸುವುದು ನಿಂತಿದೆ. ಕೊರಟಗೆರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ದಿನವಿಡೀ ಕೂತೇ ದುಡಿಯುತ್ತಾರೆ. ಶಿರಾದ ಅಂಗಡಿಯವರೂ ಅಷ್ಟೆ. ಮೈ ದಣಿಯುವುದು ನಿಂತರೂ ತಟ್ಟೆಯ ಅಳತೆ ಹಳೆಯದೇ. ಮೇಲಾಗಿ ಹುರುಳಿ ಸಾರು, ಸೊಪ್ಪು ಹಿಂದೆ ಸರಿದು ಬಿಳಿ ಅನ್ನ, ಪಾಮಾಯಿಲ್ ಬೋಂಡ, ಬೇಕರಿ ತಿಂಡಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಟೀ ಬಂದಿವೆ. ಮುದ್ದೆ ಉಂಡರೆ ಹೊಟ್ಟೆ ಕರಗುತ್ತದೆ ಅನ್ನುವವರಿಗೂ ಒಂದು ಮಾತು: ಹೊಲ ಉಳುವವನ ಮುದ್ದೆ ಕುರ್ಚಿಯಲ್ಲಿ ಕೂತವನಿಗೆ ಹೆಚ್ಚೇ.

"ವಾಕಿಂಗ್ ಮಾಡಿ" ಎಂದು ಹೇಳುವುದು ಸುಲಭ. ಆರು ಗಂಟೆಗೆ ಬಸ್ಸು ಹತ್ತಿ, ಕತ್ತಲಾದ ಮೇಲೆ ಮನೆಗೆ ಬಂದು ಒಲೆ ಹಚ್ಚಿ, ಎಲ್ಲರಿಗೂ ಬಡಿಸಿ ಹತ್ತು ಗಂಟೆಗೆ ಉಳಿದ ಅನ್ನ ಉಂಡು ಮಲಗುವವಳು ಯಾವಾಗ ನಡೆಯಬೇಕು? ಹೊಟ್ಟೆಯನ್ನು ಸೋಮಾರಿತನ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಅಡುಗೆಮನೆಯ ಕೆಲಸವನ್ನು ಗಂಡಸರು ಅರ್ಧ ಹಂಚಿಕೊಂಡರೆ ಅವಳಿಗೆ ಅರ್ಧ ಗಂಟೆ ಸಿಕ್ಕೀತು. ಎಲ್ಲರೂ ಎಂಟಕ್ಕೇ ಒಟ್ಟಿಗೆ ಕೂತು ಉಂಡಾರು.

ನಿಮಗೆ ಮೂವತ್ತು ದಾಟಿದ್ದರೆ ಹತ್ತಿರದ ಉಪಕೇಂದ್ರಕ್ಕೆ ಬನ್ನಿ. ಅಳತೆ, ಬಿಪಿ, ಶುಗರ್ ಎಲ್ಲವೂ ಉಚಿತ. ಬರುವಾಗ ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರನ್ನೂ ಕರೆತನ್ನಿ.