ಮುಟ್ಟದೆ ಅಳೆದ ಬಿಸಿ ಎಷ್ಟು ನಿಜ?

ಸಂಡೂರು ತಾಲ್ಲೂಕಿನ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯಲ್ಲಿ ಸುಮಾರು 1600 ಡಿಗ್ರಿ ಸೆಲ್ಸಿಯಸ್ ಬಿಸಿಯ ಉಕ್ಕಿನ ದ್ರವವನ್ನು ಹೊರುವುದು ‘ಲ್ಯಾಡಲ್’ ಎಂಬ ದೈತ್ಯ ಕೊಳಗ. ಕೊಳಗವೂ ಉಕ್ಕಿನದೇ! ಅದು ಕರಗದೆ ಉಳಿಯುವುದು ಒಳಮೈಗೆ ಹೊದಿಸಿದ, ಬೆಂಕಿ ತಾಳುವ ಇಟ್ಟಿಗೆಗಳಿಂದ. ಮನೆಯ ಪಿಂಗಾಣಿ ಬಟ್ಟಲಿನಂತೆ ಇವೂ ಸೆರಾಮಿಕ್ ಕುಲದವು. ತಣ್ಣಗಿನ ಇಟ್ಟಿಗೆಯ ಮೇಲೆ ದ್ರವ ಉಕ್ಕು ಬಿದ್ದರೆ ಬಿರುಕು ಬಿಡುತ್ತದೆ. ಆದ್ದರಿಂದ ಕೊಳಗವನ್ನು ಮೊದಲೇ ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ಸಾಕಷ್ಟು ಕಾಯಿತೇ ಎಂದು ತಿಳಿಯುವುದು ಹೇಗೆ?

ಬಿಸಿಯಾದ ವಸ್ತು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಚೆಲ್ಲುತ್ತದೆ. ಈ ಕಿರಣಗಳನ್ನು 1800ರಲ್ಲಿ ಕಂಡುಹಿಡಿದವನು ವಿಲಿಯಂ ಹರ್ಷೆಲ್. ದೂರದಿಂದಲೇ ಇವನ್ನು ಹಿಡಿದು ಬಿಸಿ ಹೇಳುವ ಮಾಪಕಗಳಿವೆ. ಆದರೆ ಒಂದೇ ಬಿಸಿಯಲ್ಲಿ ಎಲ್ಲ ವಸ್ತುಗಳೂ ಸಮನಾಗಿ ಕಿರಣ ಚೆಲ್ಲುವುದಿಲ್ಲ. ಪರಿಪೂರ್ಣ ಕಪ್ಪು ವಸ್ತುವಿಗೆ 1 ಅಂಕ ಕೊಟ್ಟರೆ ಹಂಪಿಯ ಬಂಡೆಗೆ 0.9ರ ಆಸುಪಾಸು, ಉಜ್ಜಿ ಹೊಳಪಿಸಿದ ತಾಮ್ರಕ್ಕೆ 0.05ರಷ್ಟು. ಈ ಅಂಕವೇ ಎಮಿಸಿವಿಟಿ. ಮಾಪಕಕ್ಕೆ ಅದನ್ನು ನಾವೇ ಹೇಳಿಕೊಡಬೇಕು. 2020ರ ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದ ‘ಗನ್’ಗೆ ಈ ತಕರಾರಿರಲಿಲ್ಲ, ಬಣ್ಣ ಯಾವುದಿದ್ದರೂ ಮನುಷ್ಯನ ಚರ್ಮಕ್ಕೆ ಸುಮಾರು 0.98.

ಸೆರಾಮಿಕ್ಕಿನ ವಿಷಯಕ್ಕೆ ಬಂದಾಗಲೇ ಜಗಳ. ಒಬ್ಬರು 0.95 ಇಡಿ ಎನ್ನುತ್ತಾರೆ, ಇನ್ನೊಬ್ಬರು ಪುಸ್ತಕ ತೆರೆದು 0.80 ತೋರಿಸುತ್ತಾರೆ. ಈ ವ್ಯತ್ಯಾಸ ಸಣ್ಣದೇ? ನಿಜವಾದ ಬಿಸಿ 1000 ಡಿಗ್ರಿ, ಅಂಕ 0.80 ಎಂದಿಟ್ಟುಕೊಳ್ಳಿ. ತಪ್ಪಾಗಿ 0.95 ಇಟ್ಟರೆ, 11 ಮೈಕ್ರಾನ್ ತರಂಗಾಂತರದ ಸುತ್ತ ನೋಡುವ ಮಾಪಕ ಸುಮಾರು 870 ತೋರಿಸುತ್ತದೆ. 1 ಮೈಕ್ರಾನಿನದಾದರೆ 980! ಪ್ಲಾಂಕ್ 1900ರಲ್ಲಿ ಕೊಟ್ಟ ಸೂತ್ರದಿಂದ ಪಿಯುಸಿ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಬಹುದು.

ಹಾಗಾದರೆ 1 ಮೈಕ್ರಾನಿನ ಮಾಪಕವನ್ನೇ ಕೊಂಡರಾಯಿತಲ್ಲ? ಅಲ್ಲೂ ತೊಡಕು. ಅಲ್ಯುಮಿನದಂಥ ಬಿಳಿ ಸೆರಾಮಿಕ್‌ಗಳ ಅಂಕ ಆ ತರಂಗಾಂತರದಲ್ಲಿ ತೀರಾ ಕೆಳಗಿಳಿಯುತ್ತದೆ. ಮೇಲೆ ಕಿಟ್ಟ ಹತ್ತಿದರಂತೂ ನಿನ್ನೆಯ ಇಟ್ಟಿಗೆ ಇಂದು ಬೇರೆಯೇ. ಉರಿಯ ಬೆಳಕು ಪ್ರತಿಫಲಿಸಿ ಬಿಸಿಯನ್ನು ಹೆಚ್ಚಾಗಿ ತೋರಿಸುವುದೂ ಉಂಟು. ಪುಸ್ತಕದ ಅಂಕ ಸುಳ್ಳಲ್ಲ; ಯಾವ ಮೈ, ಯಾವ ತರಂಗಾಂತರ ಎಂದು ಹೇಳದಿದ್ದರೆ ಅದು ಅರ್ಧ ಮಾತು, ಅಷ್ಟೆ. ಜಗಳ ಬಿಡಿಸುವ ಹಳೆಯ ಉಪಾಯವೆಂದರೆ ಇಟ್ಟಿಗೆಯೊಳಗೆ ಥರ್ಮೊಕಪಲ್ ತಂತಿ ಹುದುಗಿಸಿ, ಅದರ ಲೆಕ್ಕಕ್ಕೆ ಹೊಂದುವಂತೆ ಮಾಪಕವನ್ನು ತಿದ್ದುವುದು. ಇಲ್ಲವೇ ಮಾಪಕವನ್ನು ಆಳವಾದ ಕಿರಿದಾದ ರಂಧ್ರದತ್ತ ಗುರಿಯಿಡುವುದು. ಕಿರಣಗಳು ಒಳಗೇ ಪುಟಿದು ಪುಟಿದು ಅಂಕ 1ರ ಸಮೀಪ ಬರುತ್ತದೆ.

ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಮನೆಯಲ್ಲೇ ಪರೀಕ್ಷಿಸಬಹುದು. ಪಿಂಗಾಣಿ ಬಟ್ಟಲಿಗೂ ಹೊಳೆಯುವ ಸ್ಟೀಲ್ ಲೋಟಕ್ಕೂ ಒಂದೇ ಬಿಸಿನೀರನ್ನು ಹಿರಿಯರು ತುಂಬಿಕೊಡಲಿ. ಗನ್ ಹಿಡಿದರೆ ಲೋಟ ತಣ್ಣಗಿದೆ ಎನ್ನುತ್ತದೆ. ಲೋಟದ ಹೊರಮೈಗೆ ಒಂದು ಕಾಗದದ ಅಂಟುಪಟ್ಟಿ ಹಚ್ಚಿ, ಅರೆನಿಮಿಷ ಬಿಟ್ಟು ಪಟ್ಟಿಯ ಮೇಲೆಯೇ ಮತ್ತೆ ಅಳೆಯಿರಿ.