ವ್ಯಾನಿನೊಳಗಣ ಮನೆ

ಜಾತ್ರೆಗೆ ಹೊರಟ ಸಂಸಾರವು ಕಮಾನು ಗಾಡಿಯಲ್ಲಿ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿ, ಹಗಲು ಕುಳಿತು ರಾತ್ರಿ ಮಲಗಿ ಪಯಣಿಸುತ್ತಿದ್ದ ವ್ಯವಸ್ಥೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಊರಿಗೆ ಹಿಂದಿರುಗಿ ಹುಲ್ಲನ್ನು ಎತ್ತುಗಳಿಗೆ ಹಾಕಿದರೆ ಆಯಿತು, ಗಾಡಿಯು ಮತ್ತೆ ಗೊಬ್ಬರ ಹೊರುವ ಗಾಡಿಯೇ. ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ಸರಕಿನ ವ್ಯಾನು ವಾಸದ ವ್ಯಾನಾಗಿ ಮಾರ್ಪಟ್ಟ ಬಗೆಯೂ ಆರಂಭದಲ್ಲಿ ಹೀಗೆಯೇ ಇದ್ದಿತು. ಈ ವ್ಯಾನುಗಳನ್ನು ಇಂದು ಜೀರ್ಣೋದ್ಧಾರ ಮಾಡುವವರು ಈ ಸಂಗತಿಯನ್ನೇ ಬಹುಮಟ್ಟಿಗೆ ಮರೆತಿದ್ದಾರೆಂಬುದರಿಂದ ಅದನ್ನು ಕೊಂಚ ವಿವರವಾಗಿ ನೋಡುವುದು ಉಚಿತ.

ಹಾಲೆಂಡಿನ ಮೋಟಾರು ವ್ಯಾಪಾರಿ ಬೆನ್ ಪಾನ್ ಎಂಬಾತನು 1947ರ ಏಪ್ರಿಲ್ ತಿಂಗಳಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಾಕಾರದ ಗಾಡಿಯೊಂದರ ರೇಖೆಯನ್ನು ಗೀಚಿ, 750 ಕಿಲೋಗ್ರಾಮು ಭಾರ ಹೊರಬೇಕೆಂದು ಸೂಚಿಸಿದನು. ಅದೇ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್. 1950ರ ಮಾರ್ಚಿಯಿಂದ ಜರ್ಮನಿಯ ವೋಲ್ಫ್ಸ್‌ಬರ್ಗಿನಲ್ಲಿ ಅದರ ತಯಾರಿಕೆ ನಡೆಯಿತು. ಮುಂದಿನ ಚಕ್ರಗಳ ಮೇಲೆಯೇ ಚಾಲಕ. ಹಿಂತುದಿಯಲ್ಲಿ 25 ಅಶ್ವಶಕ್ತಿಯ, 1131 ಘನ ಸೆಂಟಿಮೀಟರಿನ ಪುಟ್ಟ ಎಂಜಿನು. ನಡುವಣ ಜಾಗವೆಲ್ಲ ಖಾಲಿ. ಈ ಖಾಲಿ ಜಾಗವೇ ಬಡಗಿಯನ್ನು ಕೂಗಿ ಕರೆಯಿತೆನ್ನಬೇಕು. ಎಂಜಿನಿನ ಮೇಲೆ ಹಿಂಬದಿಗೆ ಎತ್ತರವಾದ ಒಂದು ಹಲಗೆ ತಾನಾಗಿ ಏರ್ಪಟ್ಟಿತ್ತು. ಅದಕ್ಕೆ ಸಮನಾಗಿ ಮುಂದೆ ಒಂದು ಪೆಟ್ಟಿಗೆಯಿಟ್ಟರೆ ಮಲಗುವ ಉದ್ದ ದೊರೆಯುತ್ತಿತ್ತು.

ವೀಡೆನ್‌ಬ್ರುಕ್ ಊರಿನ ವೆಸ್ಟ್‌ಫಾಲಿಯಾ ಸಂಸ್ಥೆ 1844ರಿಂದ ಕಮ್ಮಾರಿಕೆ ಮತ್ತು ಕುದುರೆ ಗಾಡಿಗಳ ಕಸುಬಿನಲ್ಲಿದ್ದುದು. ಅವರು 1951ರಲ್ಲಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬುದನ್ನು ಹೊರತಂದರು. ಹೆಸರೇ ಹೇಳುವಂತೆ ಅದು ಪೆಟ್ಟಿಗೆ, ವ್ಯಾನಿನ ಅಂಗವಲ್ಲ. ಆಸನ, ಮೇಜು, ಮೆತ್ತೆ, ಒಲೆಯಿಡುವ ಗೂಡು ಎಲ್ಲವೂ ಅದರಲ್ಲಿ ಅಡಕ. ಬೇಕೆಂದಾಗ ಒಳಗಿಟ್ಟು, ಬೇಡವೆಂದಾಗ ತೆಗೆದಿಡಬಹುದು. ಯುದ್ಧದಿಂದ ಸೋತು ಸುಣ್ಣವಾಗಿದ್ದ ದೇಶದಲ್ಲಿ ಚಿಕ್ಕ ವ್ಯಾಪಾರಿಗೆ ಎರಡು ವಾಹನಗಳು ಎಲ್ಲಿಂದ ಬರಬೇಕು? ವಾರದ ದಿನಗಳಲ್ಲಿ ಸರಕು ಹೊರುವ ವ್ಯಾನೇ ರಜೆಯಲ್ಲಿ ಮಕ್ಕಳೊಡನೆ ಸರೋವರದ ದಡಕ್ಕೆ ಹೋಗಬೇಕು. ಆದುದರಿಂದ ಕಳಚಿಡುವ ಗುಣ ಆ ಪೀಠೋಪಕರಣದ ಜೀವವೇ ಆಗಿತ್ತು.

ವರ್ಷಗಳು ಕಳೆದಂತೆ ಜನರ ಕೈಯಲ್ಲಿ ಹಣವಾಡತೊಡಗಿತು. ಪೆಟ್ಟಿಗೆಯು ಗೋಡೆಗೆ ಅಂಟಿಕೊಂಡಿತು. 1950ರ ದಶಕದ ಕೊನೆಗೆ ಬಂದ ‘ಎಸ್.ಓ. 23’, ಮುಂದಿನ ದಶಕದ ‘ಎಸ್.ಓ. 34’, ‘42’ ಮೊದಲಾದವು ಸ್ಥಿರ ರಚನೆಗಳು. ಎಸ್.ಓ. ಎಂದರೆ ಜರ್ಮನ್ ಭಾಷೆಯಲ್ಲಿ ‘ವಿಶೇಷ ಮಾದರಿ’ ಎಂದಷ್ಟೇ ಅರ್ಥ. ತೆಳು ಪ್ಲೈವುಡ್ಡಿನ ಕಪಾಟು, ಬಾಗಿಲ ಬಳಿಯ ಮಂಜುಗಡ್ಡೆಯ ಪೆಟ್ಟಿಗೆ, ಕೈಪಂಪಿನ ನೀರಿನ ತೊಟ್ಟಿ, ಮಡಿಸುವ ಮೇಜು, ಪಕ್ಕಕ್ಕೆ ಬಿಚ್ಚುವ ಪಟ್ಟೆಪಟ್ಟೆಯ ಮೇಲ್ಕಟ್ಟು ಇವೆಲ್ಲ ಸೇರಿದುವು. ಮುಂದಿನ ಆಸನಗಳ ಮೇಲೆ ಅಡ್ಡಲಾಗಿ ಕಟ್ಟುವ, ಮಗುವಿಗೆಂದು ಜೋಳಿಗೆಯಂಥ ಹಾಸಿಗೆಯೂ ಬಂದಿತು. ಎಂಜಿನಿನ ಶಕ್ತಿ ಅಲ್ಪವಾದುದರಿಂದ ಗಟ್ಟಿಮರದ ಠೀವಿಗೆ ಇಲ್ಲಿ ಎಡೆಯಿಲ್ಲ. ಒಂದೊಂದು ಹಲಗೆಯ ತೂಕವೂ ಘಟ್ಟ ಹತ್ತುವಾಗ ಲೆಕ್ಕಕ್ಕೆ ಬರುತ್ತದೆ. ಹಗಲು ಹಜಾರ, ಇರುಳು ಶಯನಗೃಹ, ನಡುವೆ ಅಡಿಗೆಮನೆ! ಮುಂಬಯಿಯ ಚಾಳಿನ ಒಂಟಿ ಕೋಣೆಯಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಈ ಜಾಣ್ಮೆಯನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ.

ಇಂಗ್ಲೆಂಡಿನ ಕಥೆ ಬೇರೆ. ಸಿಡ್‌ಮತ್ ಊರಿನ ಜೆ.ಪಿ. ವೈಟ್ ಸಂಸ್ಥೆಯವರು 1950ರ ದಶಕದ ನಡುವಿನಿಂದ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಮರಗೆಲಸ ಮಾಡಿ, ತಮ್ಮ ಸೀಮೆಯ ಹೆಸರಿನಿಂದಲೇ ‘ಡೆವನ್’ ಎಂದು ಮಾರಿದರು. ಫೋಕ್‌ಸ್ಟನ್ನಿನ ಮಾರ್ಟಿನ್ ವಾಲ್ಟರ್ ಸಂಸ್ಥೆ ಬೆಡ್‌ಫರ್ಡ್ ವ್ಯಾನುಗಳಿಂದ ‘ಡೋರ್ಮೊಬೈಲ್’ ಮಾಡಿತು. ಒಂದು ಪಕ್ಕಕ್ಕೆ ಕೀಲು ಜಡಿದು ಮೇಲೆತ್ತುವ ಅದರ ಪಟ್ಟೆಬಟ್ಟೆಯ ಛಾವಣಿ ಪ್ರಸಿದ್ಧವಾಯಿತು. ಅಲ್ಲಿ ಒಳರಚನೆಯನ್ನು ರೂಪಿಸಿದವರಲ್ಲಿ ಬಡಗಿಯ ಜೊತೆಗೆ ತೆರಿಗೆಯ ಅಧಿಕಾರಿಯೂ ಒಬ್ಬನು. ಖಾಸಗಿ ಕಾರಿಗೆ ಖರೀದಿ ತೆರಿಗೆ ಇದ್ದಿತು. ಹಾಸಿಗೆ, ಕಪಾಟು, ಒಲೆ ಮುಂತಾದುವು ಸ್ಥಿರವಾಗಿದ್ದ ವಾಸವಾಹನಕ್ಕೆ ವಿನಾಯಿತಿ ದೊರೆಯುತ್ತಿತ್ತು. ಜರ್ಮನರ ಪೆಟ್ಟಿಗೆ ಬಡತನದಿಂದ ಕಳಚುವಂತಿದ್ದರೆ, ಆಂಗ್ಲರ ಕಪಾಟು ಕಾನೂನಿನಿಂದ ತಿರುಪು ಬಿಗಿಸಿಕೊಂಡಿತು.

ಇವು ಕಾರ್ಖಾನೆಯವು. ಇವುಗಳ ಪಕ್ಕದಲ್ಲಿ, ಖಾಲಿ ವ್ಯಾನನ್ನು ಕೊಂಡು ತಾವೇ ಗರಗಸ ಹಿಡಿದವರ ಕೆಲಸವೂ ಉಂಟು. 1960ರ ದಶಕದ ಕೊನೆಯಿಂದ ಇಸ್ತಾಂಬುಲ್, ತೆಹರಾನ್, ಕಾಬೂಲುಗಳ ಮಾರ್ಗವಾಗಿ ದೆಹಲಿಗೂ ಗೋವೆಗೂ ಬಂದಿಳಿದ ತರುಣ ತರುಣಿಯರ ವ್ಯಾನುಗಳಲ್ಲಿ ಇಂಥವು ಅನೇಕ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷಾಂತ್ಯದಲ್ಲಿ ಅಫಘಾನಿಸ್ತಾನದೊಳಕ್ಕೆ ಸೋವಿಯತ್ ಸೇನೆಯ ಪ್ರವೇಶ. ಆ ದಾರಿ ಮುಚ್ಚಿತು. ಇಂಥ ಒಳರಚನೆಗೆ ಮಾದರಿ ಸಂಖ್ಯೆಯಿಲ್ಲ, ವಿವರಪಟ್ಟಿಯಿಲ್ಲ. ಎಷ್ಟು ಮಕ್ಕಳಿದ್ದರು, ಯಾರು ಎಡಗೈಯವರು, ಪುಸ್ತಕಕ್ಕೆಷ್ಟು ಜಾಗ ಎಂಬುದನ್ನು ಅದರ ಗೂಡುಗಳೇ ಹೇಳಬೇಕು.

ಈಗಿನ ಕಷ್ಟ ಇಲ್ಲಿಯೇ ಇರುವುದು. ಈ ಹಳೆಯ ವಾಹನಗಳ ಬೆಲೆ ಏರಿದೆ; ಇಪ್ಪತ್ತಮೂರು ಕಿಟಕಿಗಳ 1963ರ ಬಸ್ಸೊಂದು 2011ರಲ್ಲಿ ಅಮೆರಿಕದ ಹರಾಜಿನಲ್ಲಿ ಎರಡು ಲಕ್ಷ ಡಾಲರಿಗೂ ಮೀರಿ ಹೋಯಿತು. ಮಾರುಕಟ್ಟೆಯು ಮೆಚ್ಚುವುದು ‘ಕಾರ್ಖಾನೆಯಿಂದ ಬಂದಂತೆ’ ಇರುವುದನ್ನು. ಆದುದರಿಂದ ಅನಾಮಧೇಯ ಬಡಗಿಯ ಅರುವತ್ತು ವರ್ಷದ ಕಪಾಟನ್ನು ಕಿತ್ತೆಸೆದು, ಹೊಸದಾಗಿ ಕೊಯ್ದ ವೆಸ್ಟ್‌ಫಾಲಿಯಾ ನಕಲನ್ನು ಜೋಡಿಸುವುದು ರೂಢಿಯಾಗಿದೆ. ಇದನ್ನು ಜೀರ್ಣೋದ್ಧಾರವೆನ್ನಲು ನನ್ನ ಮನಸ್ಸು ಒಪ್ಪದು. ಆ ವ್ಯಾನು ಆ ರೂಪದಲ್ಲಿ ಎಂದೂ ಇದ್ದಿರಲಿಲ್ಲ.

ಕೀಳಲೇಬೇಕಾದ ಸಂದರ್ಭಗಳಿವೆ ಎಂಬುದನ್ನು ಅಲ್ಲಗಳೆಯಲಾಗದು. ಮಲಗಿದವರ ಉಸಿರು, ಒಲೆಯ ಆವಿ ತಣ್ಣನೆಯ ಉಕ್ಕಿನ ತಗಡಿಗೆ ತಗುಲಿ ನೀರಾಗುತ್ತದೆ. ಹಲಗೆಯ ಹಿಂದೆ ತುರುಕಿದ ಉಣ್ಣೆಯೋ ನಾರೋ ಅದನ್ನು ಹೀರಿ ಹಿಡಿಯುತ್ತದೆ. ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಪ್ಲೈವುಡ್ಡಿನ ಅಂಟು ಬಿಟ್ಟು ಪದರಗಳು ಸಿಡಿಯುತ್ತವೆ. ಹಲಗೆಯನ್ನು ತೆಗೆಯದೆ ತಗಡಿನ ರೋಗ ತಿಳಿಯುವುದಿಲ್ಲ. ಆದರೆ ತೆಗೆಯುವುದು ಬೇರೆ, ಎಸೆಯುವುದು ಬೇರೆ. ಬಿಚ್ಚುವ ಮೊದಲು ಚಿತ್ರ ತೆಗೆದು, ತುಂಡುಗಳಿಗೆ ಗುರುತು ಹಚ್ಚಿ, ಕೊಳೆತ ಹಲಗೆಯನ್ನೇ ಅಚ್ಚಾಗಿಟ್ಟುಕೊಂಡು ಹೊಸದನ್ನು ಕೊಯ್ಯಬಹುದು. ಮರವೇ ಉಳಿಯದಿದ್ದರೂ ತಗಡು ನೆನಪಿಟ್ಟಿರುತ್ತದೆ: ತಿರುಪಿನ ತೂತುಗಳ ಸಾಲಿನಿಂದ ಕಪಾಟಿನ ಎತ್ತರವೂ, ಬಣ್ಣ ಮಾಸದೆ ಉಳಿದ ಪಟ್ಟಿಯಿಂದ ಹಾಸಿಗೆಯ ಅಂಚೂ ಗೊತ್ತಾಗುತ್ತವೆ. ಬೆಸುಗೆಯವನು ಆ ತೂತುಗಳನ್ನು ಮುಚ್ಚಿ ಬಣ್ಣ ಬಳಿಯುವುದಕ್ಕೆ ಮುಂಚೆ ಅಳತೆಪಟ್ಟಿಯೊಡನೆ ಒಂದು ಮಧ್ಯಾಹ್ನವನ್ನು ಅಲ್ಲಿ ಕಳೆಯಬೇಕು.