ಕಡಲಪಾಚಿಯ ಸಕ್ಕರೆ ಮತ್ತು ಅತ್ತೆಯ ಕ್ಯಾಪ್ಸೂಲ್ ಡಬ್ಬಿ

ಹೋದ ತಿಂಗಳು ಹಾಸ್ಟೆಲ್‌ನ ಮೆಕ್ಯಾನಿಕಲ್ ಗೆಳೆಯನೊಬ್ಬ ನಮಗೆ ಒಂದು ಫೋಟೋ ಕಳಿಸಿ, "ನೀವು ಬಯೋಟೆಕ್‌ನೋರಲ್ವಾ, ಇದೇನು ಅಂತ ಸ್ವಲ್ಪ ನೋಡ್ರೋ" ಅಂದ. ಪ್ಲಾಸ್ಟಿಕ್ ಡಬ್ಬಿ, ಮೇಲೆ ಸಮುದ್ರದ ಚಿತ್ರ, ಒಳಗೆ 'ಫ್ಯೂಕೊಯ್ಡನ್' ಕ್ಯಾಪ್ಸೂಲ್. ಊರಲ್ಲಿ ಅವನ ಅತ್ತೆಗೆ ಹೃದಯದ ವಾಲ್ವ್ ಆಪರೇಷನ್ ಆಗಿದೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ವಾರ್ಫರಿನ್ ಮಾತ್ರೆ ತಗೋತಾರೆ. "ಇದು ನ್ಯಾಚುರಲ್, ಸೈಡ್ ಎಫೆಕ್ಟೇ ಇಲ್ಲ" ಅಂತ ನೆಂಟರೊಬ್ಬರು ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದರು. ನಿಜ ಹೇಳಬೇಕಂದ್ರೆ ಆ ಹೆಸರು ನಮಗೆ ನೋಟ್ಸ್‌ನ ಒಂದು ಸಾಲಿನಷ್ಟೇ ಗೊತ್ತಿತ್ತು. ಹಾಗಾಗಿ ಓದೋಕೆ ಕೂತೆವು.

ಪಾಲಿಸ್ಯಾಕರೈಡ್ ಅಂದ್ರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಅನ್ನದಲ್ಲಿರೋ ಪಿಷ್ಟವೂ ಅದೇ. ಈ ಸರಪಳಿಯ ಕೊಂಡಿಗಳಿಗೆ ಅಲ್ಲಲ್ಲಿ ಸಲ್ಫೇಟ್ ಗುಂಪುಗಳು ಅಂಟಿಕೊಂಡರೆ ಅದು ಸಲ್ಫೇಟೆಡ್ ಪಾಲಿಸ್ಯಾಕರೈಡ್. ಪ್ರತಿ ಸಲ್ಫೇಟ್‌ಗೂ ಋಣ ವಿದ್ಯುದಂಶ ಇರುತ್ತೆ, ಹಾಗಾಗಿ ಇಡೀ ಸರಪಳಿಯೇ ಮೈತುಂಬ ನೆಗೆಟಿವ್ ಚಾರ್ಜ್ ಹೊತ್ತ ಹಗ್ಗದಂತೆ ಇರುತ್ತದೆ. ನೆಲದ ಗಿಡಗಳಲ್ಲಿ ಇಂಥದ್ದು ಸಾಮಾನ್ಯವಾಗಿ ಸಿಗೋದಿಲ್ಲ. ಸಮುದ್ರದಲ್ಲಿ ಧಾರಾಳ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ, ಪಾಚಿಗಳಿಗೆ ಕಚ್ಚಾವಸ್ತುವಿನ ಕೊರತೆಯೇ ಇಲ್ಲ. ಕೆಂಪು ಪಾಚಿಯಲ್ಲಿ ಕ್ಯಾರಜೀನನ್, ಕಂದು ಪಾಚಿಯಲ್ಲಿ ಫ್ಯೂಕೊಯ್ಡನ್, ಹಸಿರು ಪಾಚಿಯಲ್ಲಿ ಅಲ್ವನ್. ಕಾರವಾರದ ಬಂಡೆಗಳ ಮೇಲೆ ಲೆಟ್ಯೂಸ್ ಎಲೆಯ ಹಾಗೆ ತೆಳ್ಳಗೆ ಅಂಟಿಕೊಂಡಿದ್ದು, ಕಾಲಿಟ್ಟರೆ ಜಾರಿಸೋ ಆ ಹಸಿರು ಪಾಚಿ ಇದೆಯಲ್ಲ, ಉಲ್ವಾ ಅಂತ, ಅಲ್ವನ್ ಬರೋದು ಅದರಿಂದಲೇ.

ಕ್ಯಾರಜೀನನ್ ಅಂತೂ ನೀವೂ ಕುಡಿದಿರಬಹುದು. ಚಾಕೊಲೇಟ್ ಹಾಲಿನ ಪ್ಯಾಕ್ ತಿರುಗಿಸಿ 'ಸ್ಟೆಬಿಲೈಸರ್ 407' ಅಂತ ಇದೆಯಾ ನೋಡಿ, ಇದ್ದರೆ ಅದೇ ಇದು. ಕೋಕೋ ಪುಡಿ ತಳ ಸೇರದ ಹಾಗೆ ಹಿಡಿದಿಡೋದು ಅದರ ಕೆಲಸ. ಎರಡು ಸಕ್ಕರೆ ಕೊಂಡಿಗೆ ಒಂದು ಸಲ್ಫೇಟ್ ಇದ್ದರೆ ಕಪ್ಪಾ, ಎರಡಿದ್ದರೆ ಅಯೋಟಾ, ಮೂರಿದ್ದರೆ ಲ್ಯಾಮ್ಡಾ. ಕಪ್ಪಾ ಪೊಟ್ಯಾಸಿಯಂ ಜೊತೆ ಗಟ್ಟಿ ಜೆಲ್ ಆಗುತ್ತೆ, ಅಯೋಟಾ ಕ್ಯಾಲ್ಸಿಯಂ ಜೊತೆ ಮೆತ್ತನೆ ಜೆಲ್ ಆಗುತ್ತೆ, ಲ್ಯಾಮ್ಡಾ ಜೆಲ್ ಆಗೋದೇ ಇಲ್ಲ. ಒಂದು ಸಲ್ಫೇಟ್ ಹೆಚ್ಚುಕಮ್ಮಿ ಆದರೆ ವಸ್ತುವೇ ಬೇರೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ರಕ್ತದ ವಿಷಯ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸೋ ವಸ್ತು ಹುಡುಕ್ತಾ ಇದ್ದ. ಸಿಕ್ಕಿದ್ದು ಅದರ ಉಲ್ಟಾ. (ಅವನೂ ಸೆಕೆಂಡ್ ಇಯರ್! ನಾವಿಲ್ಲಿ ಇಂಟರ್ನಲ್ಸ್‌ಗೇ ಒದ್ದಾಡ್ತಿದ್ದೀವಿ.) ಆ ದಾರಿಯಲ್ಲಿ ಬಂದದ್ದೇ ಹೆಪಾರಿನ್, ಇವತ್ತು ಡಯಾಲಿಸಿಸ್‌ನಿಂದ ಹಿಡಿದು ಹೃದಯದ ಆಪರೇಷನ್‌ವರೆಗೆ ಎಲ್ಲ ಕಡೆ ಬಳಸೋ ಔಷಧಿ. ಅದು ಬರೋದು ಮುಖ್ಯವಾಗಿ ಹಂದಿಯ ಕರುಳಿನಿಂದ, ಸಮುದ್ರದಿಂದಲ್ಲ. ಆದರೆ ಅದೂ ಸಲ್ಫೇಟ್ ಹೊತ್ತ ಸಕ್ಕರೆ ಸರಪಳಿಯೇ. ರಕ್ತದಲ್ಲಿರೋ ಆಂಟಿಥ್ರಾಂಬಿನ್ ಅನ್ನೋ ಪ್ರೋಟೀನನ್ನು ಹಿಡಿದು ಅದರ ಕೆಲಸ ಚುರುಕು ಮಾಡುತ್ತೆ. ಇದಕ್ಕೆ ಬೇಕಿರೋದು ಸರಪಳಿಯಲ್ಲಿನ ಐದೇ ಐದು ಸಕ್ಕರೆಗಳ ಒಂದು ತುಂಡು, ಸಲ್ಫೇಟ್‌ಗಳು ಸರಿಯಾದ ಜಾಗದಲ್ಲಿ ಇರಬೇಕು ಅಷ್ಟೆ.

ಫ್ಯೂಕೊಯ್ಡನ್ ಕೂಡ ಲ್ಯಾಬ್‌ನಲ್ಲಿ ರಕ್ತ ಹೆಪ್ಪುಗಟ್ಟೋದನ್ನ ನಿಧಾನ ಮಾಡುತ್ತೆ. ಹಂದಿ ಬೇಡ, ಕಡಲಿಂದಲೇ ಔಷಧಿ ಮಾಡೋಣ ಅಂತ ಸಂಶೋಧಕರು ಅದರ ಹಿಂದೆ ಬಿದ್ದಿರೋದಕ್ಕೆ ಇದೂ ಒಂದು ಕಾರಣ. ಆದರೆ ಅತ್ತೆಯ ಲೆಕ್ಕದಲ್ಲಿ ಅದೇ ಗುಣ ಅಪಾಯ. ವಾರ್ಫರಿನ್ ವಿಟಮಿನ್ ಕೆ ದಾರಿಯನ್ನ ತಡೆದು ಕೆಲಸ ಮಾಡುತ್ತೆ, ಡೋಸ್‌ನ ರಕ್ತ ಪರೀಕ್ಷೆ ಮಾಡ್ತಾ ಮಾಡ್ತಾ ಕೂರಿಸಿರ್ತಾರೆ. ಪಕ್ಕದಿಂದ ಇನ್ನೊಂದು ವಸ್ತು ಬಂದು ಸೇರಿದರೆ ರಕ್ತಸ್ರಾವದ ಭಯ. ಇಷ್ಟು ದೊಡ್ಡ ಅಣು ಹೊಟ್ಟೆಯಿಂದ ರಕ್ತಕ್ಕೆ ಸೇರೋದು ತೀರಾ ಅಲ್ಪ, ನಿಜ. ಹಾಗಂದ್ರೆ ಡಬ್ಬಿ ಮೇಲೆ ಬರೆದಿರೋ ದೊಡ್ಡ ದೊಡ್ಡ ಲಾಭಗಳೂ ಅಷ್ಟೇ ಅನುಮಾನ ಅಲ್ವಾ?

ಇನ್ನು ವೈರಸ್. ಹರ್ಪಿಸ್‌ನಂಥ ಎಷ್ಟೋ ವೈರಸ್‌ಗಳು ನಮ್ಮ ಜೀವಕೋಶದ ಮೇಲಿರೋ ಹೆಪರಾನ್ ಸಲ್ಫೇಟ್ ಹಿಡಿದುಕೊಂಡು ಒಳಗೆ ಬರುತ್ತವೆ. ಅದೇ ತರಹದ ನೆಗೆಟಿವ್ ಸರಪಳಿಯನ್ನ ಹೊರಗೆ ಇಟ್ಟರೆ ವೈರಸ್ ಮೋಸಹೋಗಿ ಅದಕ್ಕೇ ಅಂಟಿಕೊಳ್ಳುತ್ತೆ. ಐಡಿಯಾ ಎಷ್ಟು ಚೆಂದ ಅಂತ ನಾವೂ ಕುಣಿದೆವು. ಆಮೇಲೆ ಕ್ಯಾರಗಾರ್ಡ್ ಕಥೆ ಓದಿದೆವು. ಎಚ್‌ಐವಿ ತಡೆಯೋಕೆ ಮಾಡಿದ ಕ್ಯಾರಜೀನನ್ ಜೆಲ್ ಅದು. ದಕ್ಷಿಣ ಆಫ್ರಿಕಾದಲ್ಲಿ 6,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ಪರೀಕ್ಷೆ ನಡೀತು, 2008ರಲ್ಲಿ ಫಲಿತಾಂಶ ಪ್ರಕಟವಾಯ್ತು. ಜೆಲ್‌ನಿಂದ ತೊಂದರೆ ಇಲ್ಲ, ಆದರೆ ಎಚ್‌ಐವಿಯಿಂದ ರಕ್ಷಣೆಯೂ ಇಲ್ಲ. ಲ್ಯಾಬ್‌ನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೇ ಮನುಷ್ಯರಲ್ಲಿ ನಿಲ್ಲಲಿಲ್ಲ. ಅರ್ಜೆಂಟೀನಾದಲ್ಲಿ ಕೋವಿಡ್ ಸಮಯದಲ್ಲಿ 394 ಆಸ್ಪತ್ರೆ ಸಿಬ್ಬಂದಿಗೆ ಮೂಗಿನ ಸ್ಪ್ರೇ ಕೊಟ್ಟು ನೋಡಿದರು. ಅಯೋಟಾ ಕ್ಯಾರಜೀನನ್ ಇದ್ದ ಸ್ಪ್ರೇ ಬಳಸಿದವರಲ್ಲಿ ಶೇ. 1 ಮಂದಿಗೆ ಸೋಂಕು, ಅದಿಲ್ಲದ ಸ್ಪ್ರೇ ಬಳಸಿದವರಲ್ಲಿ ಶೇ. 5. ಖುಷಿ ಕೊಡೋ ಅಂಕಿ, ಆದರೆ ಪರೀಕ್ಷೆ ಚಿಕ್ಕದು, ಒಟ್ಟು ಸೋಂಕಿತರೇ ಹನ್ನೆರಡು ಜನ.

ಸಲ್ಫೇಟ್ ಎಣಿಕೆ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಅದೇ 2008ರ ಇನ್ನೊಂದು ಘಟನೆ ಇದೆ. ಚೀನಾದಿಂದ ಬಂದ ಕಚ್ಚಾ ಹೆಪಾರಿನ್‌ನಲ್ಲಿ, ಬೇಕಂತಲೇ ಹೆಚ್ಚು ಸಲ್ಫೇಟ್ ಅಂಟಿಸಿದ ಕಾಂಡ್ರಾಯ್ಟಿನ್ ಸಲ್ಫೇಟ್ ಬೆರೆತಿತ್ತು. ಅದೂ ರಕ್ತ ಹೆಪ್ಪುಗಟ್ಟದಂತೆ ತಡೆಯೋದರಿಂದ ಮಾಮೂಲಿ ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟಿತು. ಅಮೆರಿಕದಲ್ಲಿ ರೋಗಿಗಳ ಬಿಪಿ ದಿಢೀರನೆ ಕುಸಿಯಿತು, ಹತ್ತಾರು ಸಾವುಗಳ ವರದಿಯಾಯಿತು. ಕಲಬೆರಕೆ ಯಾವುದು ಅಂತ ಕಂಡುಹಿಡಿಯೋಕೆ ಎನ್‌ಎಂಆರ್ ಬೇಕಾಯ್ತು. ಅಷ್ಟು ಬಿಗಿ ನಿಯಂತ್ರಣದ ಔಷಧಿಯ ಕಥೆಯೇ ಹೀಗೆ. ಫ್ಯೂಕೊಯ್ಡನ್ ಅಂತೂ ಪಾಚಿಯ ಜಾತಿ ಬದಲಾದರೆ, ಕೊಯ್ದ ತಿಂಗಳು ಬದಲಾದರೆ, ತೆಗೆದ ವಿಧಾನ ಬದಲಾದರೆ ತಾನೂ ಬದಲಾಗುತ್ತೆ.

ಗೆಳೆಯ ಅವತ್ತೇ ರಾತ್ರಿ ಊರಿಗೆ ಫೋನ್ ಮಾಡಿದ. ಅತ್ತೆ ಮರುದಿನ ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋದರು. ಅವರು ಕ್ಯಾಪ್ಸೂಲ್ ನಿಲ್ಲಿಸಿ, ರಕ್ತ ಪರೀಕ್ಷೆ ಬೇಗನೆ ಮಾಡಿಸೋಕೆ ಹೇಳಿದರು. ಇವನು ಹಬ್ಬಕ್ಕೆ ಹೋದಾಗ ಡಬ್ಬಿಯನ್ನ ನಮಗೆ ತಂದುಕೊಟ್ಟ. ಲೇಬಲ್ ಪೂರ್ತಿ ಓದಿದೆವು. ಯಾವ ಪಾಚಿ, ಅಣುತೂಕ ಎಷ್ಟು, ಸಲ್ಫೇಟ್ ಎಷ್ಟು, ಒಂದೂ ಇಲ್ಲ.